ಗಾಜಿನ ಪೆಟ್ಟಿಗೆಯ ಆರು ವಾಕ್ಯಗಳು

ಭೂಕಂಪದ ವಿಷಯದಲ್ಲಿ ತಪ್ಪು ಎರಡೂ ಕಡೆ ಇದೆ ಎಂದು ತೀರ್ಪು ಕೊಟ್ಟ ಭಾನುವಾರದಿಂದ ರವಾನೆ ಗುಮಾಸ್ತ ತನ್ನ ಮನೆಯಲ್ಲೇ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.

ನಡೆದದ್ದು ಇಷ್ಟೇ. ಅವತ್ತು ಊಟಕ್ಕೆ ಹೆಂಡತಿಯ ತಮ್ಮ ಬಂದಿದ್ದ. ಅವನು ಇಂಗ್ಲಿಷ್ ವಾರ್ತೆ ಬಿಟ್ಟು ಬೇರೇನನ್ನೂ ನೋಡದವನು. ಲೋಕದ ಯಾವ ಮೂಲೆಯಲ್ಲಿ ಏನು ನಡೆದರೂ ಅದು ತನ್ನ ಹಿತ್ತಿಲ ಗೋಡೆಯ ತಗಾದೆ ಎಂಬಂತೆ ಮಾತಾಡುವವನು. ಟಿವಿಯಲ್ಲಿ ಕುಸಿದ ಮನೆಗಳು ಕಾಣುತ್ತಿದ್ದವು. ಹೆಣ್ಣುಮಗಳೊಬ್ಬಳು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಏನೋ ಹೇಳುತ್ತಿದ್ದಳು. ಗುಮಾಸ್ತ ಅರ್ಧ ಗಂಟೆ ಗಂಭೀರವಾಗಿ ತಲೆಯಾಡಿಸಿದ. ಆರು ವರ್ಷದಿಂದ ಇಂಗ್ಲಿಷ್ ಪೇಪರ್ ತರಿಸುತ್ತಿರುವ ಮನುಷ್ಯ ಅಷ್ಟಾದರೂ ಮಾಡಬೇಕಲ್ಲ.

“ಭಾವ, ನೀವೇನಂತೀರಿ?” ಎಂದ ಭಾವಮೈದುನ.

“ನೋಡಪ್ಪ, ತಪ್ಪು ಎರಡೂ ಕಡೆ ಇದೆ. ಕೂತು ಮಾತಾಡಿದ್ರೆ ಬಗೆಹರಿಯುತ್ತೆ.”

ಭಾವಮೈದುನ ತುತ್ತನ್ನು ತಟ್ಟೆಗೆ ಇಳಿಸಿದ. “ಭಾವ, ಅಲ್ಲಾಡಿರೋದು ಭೂಮಿ. ಯಾರ ಜೊತೆ ಕೂತು ಮಾತಾಡೋದು?”

“ಬಿಡೋ,” ಎಂದಳು ಹೆಂಡತಿ, ಸಾರು ಬಡಿಸುತ್ತ. “ನಿಮ್ಮ ಭಾವ ಒಬ್ಬರನ್ನೇ ಯಾವತ್ತೂ ಬೈದವರಲ್ಲ.”

ಮರುದಿನ ಕಚೇರಿಗೆ ಹೋಗುವಾಗಲೇ ಗುಮಾಸ್ತ ಬಸ್‌ನಿಲ್ದಾಣದ ಹತ್ತಿರದ ಹಳೆ ಪುಸ್ತಕದಂಗಡಿಗೆ ಹೋಗಿ, ಇಂಗ್ಲಿಷ್ ವಾರ್ತೆ ಅರ್ಥವಾಗಲು ಬೇಕಾದ ಪದಗಳದ್ದೊಂದು ತೆಳ್ಳಗಿನ ಪುಸ್ತಕ ಕೊಂಡು, ಕಳ್ಳಮಾಲಿನಂತೆ ಅಂಗಿಯೊಳಗೆ ಸೇರಿಸಿಕೊಂಡ. ಅದರ ಮೊದಲ ಪುಟದಲ್ಲೇ ಅಪ್ಪಣೆಯಾಗಿತ್ತು: ದಿನಕ್ಕೆ ಆರು ಪದ ಕಲಿಯಿರಿ. ಪ್ರತಿ ಪದಕ್ಕೂ ನಿಮಗೆ ಗೊತ್ತಿರುವ ಜನ, ಗೊತ್ತಿರುವ ಜಾಗ ಇಟ್ಟುಕೊಂಡು ಒಂದು ಸ್ವಂತ ವಾಕ್ಯ ಬರೆಯಿರಿ. ಹಾಗೆ ಬರೆದ ಪದ ಸಾಯುವವರೆಗೂ ಮರೆಯುವುದಿಲ್ಲ.

ಈ ಕೊನೆಯ ಮಾತು ಎಷ್ಟು ನಿಜವೆಂಬುದನ್ನು ಪುಸ್ತಕ ಬರೆದವರು ಕಂಡಿರಲಾರರು.

ಒಂದು ಸಂಗತಿ ಗುಮಾಸ್ತನನ್ನು ಆಗಲೇ ಸ್ವಲ್ಪ ನಡುಗಿಸಿತ್ತು. ಮೂವತ್ತು ಪುಟ ತಿರುವಿದರೂ ಒಂದು ಶುಭದ ಪದವಿಲ್ಲ. ಮಗು ಹುಟ್ಟಿತು, ಪಾಯಸ ಉಂಡರು ಎನ್ನುವುದಕ್ಕೆ ವಾರ್ತೆಯಲ್ಲಿ ಪದವೇ ಬೇಡವಂತೆ. ಇದ್ದದ್ದೆಲ್ಲ ಸಾವು, ನೋವು, ಓಡು, ಬೀಳು. ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ನೀರು ಸರಬರಾಜು ಕಚೇರಿಯ ತನ್ನ ಮೇಜಿನ ಮುಂದೆ ಕೂತು, ಅವನು ಮೊದಲ ಆರು ಪದಗಳಿಗೆ ವಾಕ್ಯ ಕಟ್ಟಿದ. ಗೊತ್ತಿರುವ ಜನ ಎಂದರೆ ಅವನು ವಾಸವಿದ್ದ ನಾಲ್ಕು ಮಹಡಿಯ ಕಟ್ಟಡದವರು. ವಾರ್ತೆಯ ತಲೆಬರಹದಂತೆ ಇರಲಿ ಎಂದು ಎಲ್ಲವನ್ನೂ ಇಂಗ್ಲಿಷಿನಲ್ಲೇ, ದೊಡ್ಡಕ್ಷರದಲ್ಲಿ ಬರೆದ.

ಮೇಲಿನ ಟ್ಯಾಂಕಿನ ನೀರು ಕಂಟ್ಯಾಮಿನೇಟೆಡ್ ಆಗಿದೆ. ಬುಧವಾರ ಎಲ್ಲ ನಿವಾಸಿಗಳನ್ನು ಇವ್ಯಾಕ್ಯುಯೇಟ್ ಮಾಡಲಾಗುವುದು. ಮೆಟ್ಟಿಲು ಕೊಲ್ಯಾಪ್ಸ್ ಆಗಬಹುದು. ಕಟ್ಟಡದ ಕಾರ್ಯದರ್ಶಿಯೇ ಸಸ್ಪೆಕ್ಟ್. ಎರಡನೇ ಮಹಡಿಯ ಟೈಲರಮ್ಮನ ಬಳಿ ನಾಲ್ಕು ಹೋಸ್ಟೇಜ್ ಇವೆ. ಈ ಐದನೆಯದನ್ನು ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ಹೆಂಡತಿಯ ನಾಲ್ಕು ರವಿಕೆ. ಅವು ಎರಡು ತಿಂಗಳಿಂದ ಟೈಲರಮ್ಮನ ಮನೆಯಲ್ಲಿ ಒತ್ತೆ ಬಿದ್ದಿದ್ದವು. ಆರನೆಯ ಪದಕ್ಕೆ ಯಾರೂ ಉಳಿಯದೆ ತನ್ನನ್ನೇ ಹಾಕಿಕೊಂಡ: ರವಾನೆ ಗುಮಾಸ್ತ ಮಂಗಳವಾರದಿಂದ ಮಿಸ್ಸಿಂಗ್.

ಇಷ್ಟೂ ನಿರಪಾಯವೇ ಆಗಿತ್ತು, ಹಾಳೆಯೊಂದನ್ನು ಬಿಟ್ಟು. ಕಚೇರಿಯ ಫೋನ್ ನಂಬರು ಬದಲಾದಾಗ ಹಳೆ ಲೆಟರ್‌ಹೆಡ್ ಕಟ್ಟುಗಟ್ಟಲೆ ಉಳಿದಿತ್ತು. ಅದನ್ನು ಕಚ್ಚಾ ಬರವಣಿಗೆಗೆ ಬಳಸಿ ಎಂದು ಸಾಹೇಬರ ಅಪ್ಪಣೆ. ಗುಮಾಸ್ತನಿಗೆ ಇನ್ನೊಂದು ಅಭ್ಯಾಸವಿತ್ತು. ಬೆಳಿಗ್ಗೆ ಬಂದ ಕೂಡಲೇ ದುಂಡು ಮೊಹರಿನ ಶಾಯಿ ಹದವಾಗಿದೆಯೇ ನೋಡಲು ಕಚ್ಚಾ ಹಾಳೆಗಳ ಬುಡದಲ್ಲಿ ಒಂದೆರಡು ಸಲ ಒತ್ತುವುದು. ಹೀಗೆ ಅವನ ಆರು ವಾಕ್ಯಗಳ ತಲೆಯ ಮೇಲೆ ಕಚೇರಿಯ ಹೆಸರು, ಕಾಲಬುಡದಲ್ಲಿ ನೇರಳೆ ಬಣ್ಣದ ದುಂಡು ಮೊಹರು. ಮಂತ್ರಿಗಳ ಆಜ್ಞೆಗೂ ಇಷ್ಟು ಅಚ್ಚುಕಟ್ಟಾದ ಮೊಹರು ಬಿದ್ದಿರಲಿಕ್ಕಿಲ್ಲ.

ಮಂಗಳವಾರ ಬೆಳಿಗ್ಗೆ ಹೆಂಡತಿಗೆ ಕಾಣದಿರಲಿ ಎಂದು ಹಾಳೆಯನ್ನು ಪೇಪರಿನ ಮಡಿಕೆಯಲ್ಲಿಟ್ಟು ಓದುತ್ತಿದ್ದ. ಅಲ್ಲೇ ಬಿಟ್ಟು ಸ್ನಾನಕ್ಕೆ ಹೋದ. ಮೊದಲ ಮಹಡಿಯ ಕಾರ್ಯದರ್ಶಿ ದಿನದಂತೆ ಬಂದು, “ಅಮ್ಮಾ, ಹವಾಮಾನದ ಚಿತ್ರ ನೋಡಿ ಕೊಡ್ತೀನಿ,” ಎಂದು ಪೇಪರ್ ಒಯ್ದ.

ಕಾರ್ಯದರ್ಶಿ ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದವನು. ಮೊಹರು ಕಂಡರೆ ಎದ್ದು ನಿಲ್ಲುವ ಪೈಕಿ. ಪೇಪರಿನಿಂದ ಹಾಳೆ ಜಾರಿ ಬಿದ್ದಾಗ ಅವನು ಮೊದಲು ಲೆಟರ್‌ಹೆಡ್ ನೋಡಿದ, ಆಮೇಲೆ ಮೊಹರು ನೋಡಿದ. ಇವೆರಡರ ನಡುವಿನದ್ದನ್ನು ಓದುವುದು ಉದ್ಧಟತನವೆಂದು ಅವನಿಗೆ ಅನಿಸಿರಬೇಕು. ಅವನಿಗೆ ಇಂಗ್ಲಿಷೂ ಬರುತ್ತಿರಲಿಲ್ಲ. ನೇರ ಕೆಳಗಿಳಿದು, ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆ ತೆರೆದು, ತಾನೇ ಸಸ್ಪೆಕ್ಟ್ ಎಂಬ ಸೂಚನೆಯನ್ನು ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ನೇರವಾಗಿ ಕೂರಿಸಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಗುಮಾಸ್ತ ಬಸ್ಸಿನಲ್ಲಿ ಹಾಳೆ ಹುಡುಕಿದ, ಸಿಗಲಿಲ್ಲ. ಎಲ್ಲೋ ಬಿದ್ದಿರಬೇಕೆಂದು ಸುಮ್ಮನಾದ. ಹಾಳೆಗೇನು ಬರ?

ಸಂಜೆ ಐದೂವರೆಗೆ ಅವನು ಬೀದಿಯ ತಿರುವಿಗೆ ಬಂದಾಗ ಕಟ್ಟಡದ ಅರ್ಧ ಜನ ಹೊರಗೆ ನಿಂತಿದ್ದರು. ಕೆಲವರ ಪಕ್ಕದಲ್ಲಿ ಸೂಟ್‌ಕೇಸು, ಕೆಲವರ ಕೈಯಲ್ಲಿ ಗಂಟು. ಒಬ್ಬರು ಗೋಡೆ ಗಡಿಯಾರವನ್ನು ಕೂಸಿನಂತೆ ತಬ್ಬಿಕೊಂಡಿದ್ದರು. ಗುಮಾಸ್ತನನ್ನು ಕಂಡು ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದಿದ್ದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ರವಾನೆಯವರೇ, ನೀವೇನಾ?” ಎಂದಳು.

“ನಾನೇ. ಯಾಕಮ್ಮ?”

“ನೀವು ಕಾಣೆಯಾಗಿದ್ದೀರಲ್ಲ.”

“ಯಾರು ಹೇಳಿದ್ದು?”

“ಸರ್ಕಾರ,” ಎಂದಳು ಟೈಲರಮ್ಮ.

ಹಿಂದಿನಿಂದ ಯಾರೋ ಅವನ ತೋಳನ್ನು ಚಿವುಟಿ ನೋಡಿದರು. ತೋಳು ಇತ್ತು.

ಆಮೇಲೆ ನಾಲ್ಕು ಕಡೆಯಿಂದ ಸುದ್ದಿ ಸುರಿಯಿತು. ನೀರಿನ ಕಚೇರಿಯ ಮೊಹರು ಬಿದ್ದ ಇಂಗ್ಲಿಷ್ ಕಾಗದ ಬಂದಿದೆ. ಟ್ಯಾಂಕಿಗೆ ವಿಷ ಬಿದ್ದಿದೆ. ನಾಳೆ ಎಲ್ಲರನ್ನೂ ಖಾಲಿ ಮಾಡಿಸಲು ಲಾರಿ ಬರುತ್ತದೆ. ಮೆಟ್ಟಿಲು ಇವತ್ತೋ ನಾಳೆಯೋ ಕುಸಿಯುತ್ತದೆ, ಆದ್ದರಿಂದ ಒಬ್ಬೊಬ್ಬರಾಗಿ, ಗೋಡೆ ಹಿಡಿದು, ಉಸಿರು ಬಿಗಿಹಿಡಿದು ಇಳಿಯಬೇಕು. ಯಾರದೋ ಮನೆಯಲ್ಲಿ ನಾಲ್ಕು ಜನರನ್ನು ಕೂಡಿಹಾಕಿದ್ದಾರೆ. ಎಲ್ಲಕ್ಕೂ ಕಾರಣನಾದವನು ಕಟ್ಟಡದೊಳಗೇ ಇದ್ದಾನೆ.

ಗುಮಾಸ್ತ ಮನಸ್ಸಿನಲ್ಲೇ ರವಾನೆ ಪುಸ್ತಕ ತಿರುವಿ ನೋಡಿದ. ನೀರಿನ ಕಚೇರಿಯಿಂದ ಹೊರಡುವ ಒಂದೊಂದು ಕಾಗದವೂ ಅವನ ಕೈ ದಾಟಿಯೇ ಹೋಗಬೇಕು. ಇದು ದಾಟಿಲ್ಲ. ಎಂದರೆ ತನ್ನ ಕಣ್ಣು ತಪ್ಪಿಸಿ ಕಳಿಸುವಷ್ಟು ಗುಟ್ಟಿನದು. ಎಂದರೆ ನಿಜ.

ಅವನು ಗೋಡೆ ಹಿಡಿದು, ಉಸಿರು ಬಿಗಿಹಿಡಿದು, ನಾಲ್ಕು ಮಹಡಿ ಹತ್ತಿದ. ಹೆಂಡತಿ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

“ಏನೇ ಮಾಡ್ತಿದೀಯ? ಹೊರಡು. ಮುಖ್ಯವಾದ್ದು ಮಾತ್ರ ತಗೋ.”

“ಎಲ್ಲಿಗೆ?”

“ಎಲ್ಲಿಗಾದ್ರೂ. ಟ್ಯಾಂಕಿಗೆ ವಿಷ ಬಿದ್ದಿದೆಯಂತೆ. ನೀರು ಕುಡಿದ್ಯಾ?”

“ಬೆಳಿಗ್ಗೆಯಿಂದ ಕುಡೀತಿದ್ದೀನಿ. ನೀವು ಕಾಣೆಯಾಗಿದ್ದೀರಿ ಅಂತಲೂ ಅಂದ್ರು. ಆರೂವರೆಗೆ ಬರ್ತಾರೆ, ಹಸಿವಾದ್ರೆ ಐದೂವರೆಗೇ ಬರ್ತಾರೆ ಅಂದೆ.” ಹೆಂಡತಿ ಚಾಕು ಕೆಳಗಿಟ್ಟಳು. “ಅಲ್ಲ ರೀ, ನೀವು ಇಂಗ್ಲಿಷ್ ಪೇಪರ್ ಓದೋರು. ಮೊದಲು ಹೋಗಿ ಅದರಲ್ಲಿ ಏನು ಬರೆದಿದೆ ನೋಡಿ ಬನ್ನಿ. ಆಮೇಲೆ ಗಂಟು ಕಟ್ಟೋಣ.”

ಗುಮಾಸ್ತ ಇಳಿದ. ಗಾಜಿನ ಪೆಟ್ಟಿಗೆಯ ಮುಂದೆ ಮೂರನೇ ಮಹಡಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಮೂವತ್ತನಾಲ್ಕು ವರ್ಷ ಪಾಠ ಮಾಡಿ ಯಾರೂ ಇಷ್ಟು ಕಿವಿಗೊಟ್ಟು ಕೇಳಿದ್ದನ್ನು ಅವರು ಕಂಡಿರಲಿಲ್ಲ. ಬೆಳಿಗ್ಗೆಯಿಂದ ಹದಿನೇಳನೇ ಸಲ ಅರ್ಥ ಹೇಳುತ್ತಿದ್ದರು.

“ಇವ್ಯಾಕ್ಯುಯೇಟ್. ಹೇಳಿ ಎಲ್ಲರೂ.”

“ಇವ್ಯಾಕ್ಯುಯೇಟ್,” ಎಂದಿತು ಗುಂಪು.

“ಅಂದರೆ?”

“ಅಪಾಯದ ಜಾಗದಿಂದ ಜನರನ್ನ ತೆರವು ಮಾಡಿಸೋದು.”

“ಭೇಷ್. ವಾಕ್ಯದಲ್ಲಿ ಒಂದೆರಡು ಸಣ್ಣ ತಪ್ಪಿವೆ. ಗಾಬರಿಯಲ್ಲಿ ಬರೆದಿದ್ದಾರೆ ಪಾಪ. ವಿಷಯ ಮಾತ್ರ ಸ್ಪಷ್ಟವಾಗಿದೆ.”

ಮೇಷ್ಟ್ರ ಹೆಗಲ ಮೇಲಿಂದ ಗುಮಾಸ್ತ ಗಾಜಿನೊಳಗೆ ನೋಡಿದ. ತನ್ನ ದೊಡ್ಡಕ್ಷರಗಳು ಕಂಡವು. ತಾನೇ ಒತ್ತಿದ ಮೊಹರು ಕಂಡಿತು. ಅಲ್ಲಿಯವರೆಗೆ ಅವನಿಗೆ ವಿಷದ ಭಯವಿತ್ತು. ಆ ಭಯ ಹೋಯಿತು. ಹೋಗುವಾಗ ತನ್ನ ಅಣ್ಣನನ್ನು ಕಳಿಸಿ ಹೋಯಿತು. ಕಚೇರಿಯ ಹಾಳೆ, ಕಚೇರಿಯ ಮೊಹರು, ಊರಿಗೆ ಸುಳ್ಳು ಸುದ್ದಿ. ಇಪ್ಪತ್ತಾರು ವರ್ಷದ ನೌಕರಿ ನಾಲ್ಕು ಪಿನ್ನುಗಳ ಮೇಲೆ ನಿಂತಿತ್ತು.

ಪಕ್ಕದಲ್ಲೇ ಕಾರ್ಯದರ್ಶಿ ಕುರ್ಚಿ ಹಾಕಿಕೊಂಡು ಕೂತಿದ್ದ. ತಾನೇ ಸಸ್ಪೆಕ್ಟ್ ಎಂದು ತಿಳಿದ ಮೇಲೆ ಅವನ ಮುಖ ಬೇಯಿಸಿದ ಬದನೆಕಾಯಿಯಂತಾಗಿತ್ತು. ಆದರೂ ಕೀಲಿಯ ಮೇಲಿನ ಕೈ ತೆಗೆದಿರಲಿಲ್ಲ.

“ಕಾರ್ಯದರ್ಶಿಗಳೇ,” ಎಂದ ಗುಮಾಸ್ತ, ದನಿ ತಗ್ಗಿಸಿ, “ಒಂದು ನಿಮಿಷ ಆ ಹಾಳೆ ಕೊಡಿ. ಹತ್ತಿರದಿಂದ ನೋಡ್ತೀನಿ.”

“ಆಗಲ್ಲ.”

“ನಿಮ್ಮ ಹೆಸರೂ ಅದರಲ್ಲಿದೆ. ನಿಮಗೇ ಒಳ್ಳೇದು.”

“ನನ್ನ ಹೆಸರಿದೆ ಅಂತ ಸರ್ಕಾರದ ಕಾಗದ ತೆಗೆದರೆ ಏನಂತಾರೆ? ಸಸ್ಪೆಕ್ಟ್ ಸಾಕ್ಷಿ ನಾಶ ಮಾಡಿದ ಅಂತಾರೆ. ಮೂವತ್ತು ವರ್ಷ ಇಲಾಖೆಯಲ್ಲಿದ್ದೆ ರವಾನೆಯವರೇ. ನನ್ನನ್ನ ನೇಣಿಗೆ ಹಾಕೋ ಆರ್ಡರ್ ಬಂದರೂ ಎಂಟು ದಿನ ಬೋರ್ಡಿನಲ್ಲಿ ಹಾಕಿಯೇ ತೆಗೆಯೋದು.”

ಗುಮಾಸ್ತ ಬೇರೆ ದಾರಿ ಹಿಡಿದ. “ಇದು ಯಾರೋ ತಮಾಷೆಗೆ ಬರೆದ ಹಾಗಿದೆ,” ಎಂದ ಎಲ್ಲರಿಗೂ ಕೇಳುವಂತೆ. “ಹೆದರೋದೇನೂ ಇಲ್ಲ.”

ಗುಂಪು ಅವನತ್ತ ತಿರುಗಿತು.

“ಇಂಗ್ಲಿಷ್‌ನಲ್ಲಿ ತಮಾಷೆಯಾ?” ಎಂದ ಗೋಡೆ ಗಡಿಯಾರದವನು. “ನನಗೆ ಇವತ್ತಿನವರೆಗೆ ಬಂದಿರೋ ಇಂಗ್ಲಿಷ್ ಕಾಗದದಲ್ಲಿ ಒಂದೂ ತಮಾಷೆ ಇರಲಿಲ್ಲ.”

“ಅವರು ನೀರಿನ ಕಚೇರಿಯವರು,” ಎಂದಳು ಟೈಲರಮ್ಮ. “ಮುಚ್ಚಿಡೋಕೆ ಹೇಳಿ ಕಳಿಸಿದ್ದಾರೆ. ಮುಖ ನೋಡಿ, ಹೇಗೆ ಬೆವರ್ತಿದ್ದಾರೆ. ಕಾಣೆಯಾದವರು ಎಲ್ಲಿಗೆ ಹೋಗಿ ಬಂದ್ರೋ ಏನೋ.”

ಅಷ್ಟರಲ್ಲಿ ಟೈಲರಮ್ಮನ ಮನೆಯ ಬಾಗಿಲಿಗೆ ಇಬ್ಬರು ಕಿವಿ ಹಚ್ಚಿದ್ದಾರೆಂದು ಸುದ್ದಿ ಬಂತು. ಐದನೇ ವಾಕ್ಯವನ್ನು ಮೇಷ್ಟ್ರು ಅವಳು ಇಲ್ಲದಾಗ ವಿವರಿಸಿದ್ದರು. ಅವಳು ಮೆಟ್ಟಿಲಿನ ಭಯವನ್ನೂ ಮರೆತು ಮೇಲೆ ಓಡಿದಳು. “ನಾಲ್ಕು ಜನ ಅಂತೆ, ನಾಲ್ಕು ಜನ! ನಮ್ಮನೇಲಿ ಮಿಷಿನ್ ಇಟ್ಟ ಮೇಲೆ ನಾನು ಮಲಗೋಕೇ ಜಾಗ ಇಲ್ಲ!” ಎಂಬ ಕೂಗು ಕೆಳಗಿನವರೆಗೂ ಕೇಳಿಸಿತು.

ಯಾರೋ ಠಾಣೆಗೆ ಫೋನ್ ಮಾಡಿದ್ದರು. ಆರು ಗಂಟೆಗೆ ಜೀಪು ಬಂತು. ಮುಂದಿನಿಂದ ಸಬ್ ಇನ್ಸ್‌ಪೆಕ್ಟರ್ ಇಳಿದ. ಹಿಂದಿನಿಂದ ಇಳಿದವನು ಗುಮಾಸ್ತನ ಕಚೇರಿಯ ಎಂಜಿನಿಯರ್. ಗುಮಾಸ್ತ ಕಂಬದ ಹಿಂದೆ ಸರಿದ. ಕಂಬ ತೆಳ್ಳಗಿತ್ತು.

ಕಾರ್ಯದರ್ಶಿ ಎರಡೂ ಕೈ ಮುಂದೆ ಚಾಚಿ ನಿಂತ. “ನಾನೇ ಸಸ್ಪೆಕ್ಟ್ ಸಾರ್,” ಎಂದ. “ನೋಟೀಸ್ ಹಾಕಿದ್ದೂ ನಾನೇ.”

ಇನ್ಸ್‌ಪೆಕ್ಟರ್ ಅವನನ್ನು ಒಂದು ಕ್ಷಣ ನೋಡಿ, ಕೀಲಿ ಇಸಿದುಕೊಂಡ. ಎಂಜಿನಿಯರ್ ಹಾಳೆಯನ್ನು ಬೆಳಕಿಗೆ ಹಿಡಿದ. “ಲೆಟರ್‌ಹೆಡ್ ಹಳೇದು ಸರ್, ಈಗ ಬಳಸಲ್ಲ. ಮೊಹರು ಮಾತ್ರ ನಮ್ಮದೇ. ಅಸಲಿ.”

“ಟ್ಯಾಂಕ್?”

“ನೋಡಿಬರ್ತೀನಿ. ಸುಮ್ಮನೆ ಒಂದು ಶಾಸ್ತ್ರಕ್ಕೆ.”

ಎಂಜಿನಿಯರ್ ಹತ್ತಿ ಹೋದ. ಗುಮಾಸ್ತನಿಗೆ ಮೊದಲ ಬಾರಿ ಸ್ವಲ್ಪ ಧೈರ್ಯ ಬಂತು. ಟ್ಯಾಂಕ್ ಸರಿಯಿದೆ ಎಂದರೆ ಮುಗಿಯಿತು, ಎಲ್ಲ ನಕ್ಕು ಒಳಗೆ ಹೋಗುತ್ತಾರೆ.

ಹತ್ತು ನಿಮಿಷದ ಮೇಲೆ ಎಂಜಿನಿಯರ್ ಗೋಡೆ ಹಿಡಿದು ಇಳಿದುಬಂದ. ಮುಖ ಬಿಳಿಚಿಕೊಂಡಿತ್ತು.

“ಮುಚ್ಚಳ ಒಡೆದಿದೆ. ಒಳಗೆ ಪಾರಿವಾಳ ಸತ್ತು ಬಿದ್ದಿದೆ. ಮೂರು ದಿನ ಆಗಿರಬೇಕು.”

ಹಿಂದಿನ ಸಾಲಿನಲ್ಲಿ ಒಬ್ಬರು ಚರಂಡಿಯತ್ತ ಓಡಿದರು. ಗುಮಾಸ್ತ ಬೆಳಿಗ್ಗೆ ಎರಡು ಲೋಟ ಕುಡಿದಿದ್ದ.

“ಒಂದನೇ ವಾಕ್ಯ ನಿಜ ಆಯ್ತು,” ಎಂದರು ಮೇಷ್ಟ್ರು ಮೆಲ್ಲಗೆ.

ಅಷ್ಟೇ ಸಾಕಾಯಿತು. ಒಂದು ನಿಜವಾದರೆ ಉಳಿದ ಐದು ಎಲ್ಲಿಗೆ ಹೋಗುತ್ತವೆ? ನಾಳೆ ಬುಧವಾರ. ಎಲ್ಲರೂ ಏಕಕಾಲಕ್ಕೆ ಮೆಟ್ಟಿಲಿನತ್ತ ನೋಡಿದರು. ಅದೇ ಸಮಯಕ್ಕೆ ಎರಡನೇ ತಿರುವಿನಿಂದ ಅಂಗೈಯಗಲದ ಗಾರೆ ಕಳಚಿ ಬಿತ್ತು. ಅದು ವರ್ಷಕ್ಕೆ ನಾಲ್ಕು ಸಲ ಬೀಳುತ್ತಿತ್ತು, ಯಾರೂ ಪೊರಕೆ ಹಿಡಿದು ಗುಡಿಸಿದ್ದಕ್ಕಿಂತ ಹೆಚ್ಚು ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಬೀದಿಯ ಆಚೆ ಬದಿಯವರೆಗೂ ಜನ ಓಡಿದರು. ಓಡಿದವರಲ್ಲಿ ಎಲ್ಲರಿಗಿಂತ ಮುಂದಿದ್ದವನು ಗುಮಾಸ್ತ. ವಾಕ್ಯ ಬರೆದವನು ತಾನೇ ಎಂಬುದು ಅವನ ಕಾಲುಗಳಿಗೆ ಗೊತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಮಾತ್ರ ನಿಂತಲ್ಲೇ ನಿಂತಿದ್ದ. “ನೀರು ಕೆಟ್ಟಿದೆ ಅಂತ ಮೊದಲೇ ಬರೆದಿದ್ದಾನೆ ಅಂದ್ರೆ ಪಾರಿವಾಳ ಹಾಕಿದೋನೂ ಅವನೇ,” ಎಂದ. “ಇಲ್ಲಿ ನೀರಿನ ಕಚೇರಿಯವರು ಯಾರಿದ್ದೀರಿ?”

ಇಪ್ಪತ್ತು ಬೆರಳು ಒಂದೇ ಕಡೆ ತಿರುಗಿದವು. ಗುಮಾಸ್ತನನ್ನು ಬೀದಿಯ ಆಚೆಯಿಂದ ಕರೆತರಲಾಯಿತು.

“ಏನ್ರೀ, ಇಂಗ್ಲಿಷ್ ಬರುತ್ತಾ?”

ಗುಮಾಸ್ತ ಬಾಯಿ ತೆರೆದ. ಆರು ವರ್ಷದಿಂದ ಕಾದಿದ್ದ ಪ್ರಶ್ನೆ.

“ಬರೋದಿಲ್ಲ,” ಎಂದಿತು ಹಿಂದಿನಿಂದ ಹೆಂಡತಿಯ ದನಿ. ಅವಳು ಮೆಟ್ಟಿಲಿನ ನಟ್ಟನಡುವೆ, ಏನನ್ನೂ ಹಿಡಿಯದೆ, ಮಾಮೂಲಿನಂತೆ ಇಳಿದುಬರುತ್ತಿದ್ದಳು. “ಇವರಿಗೆ ಇಂಗ್ಲಿಷ್ ಬರೋದಿಲ್ಲ ಸಾರ್. ಪೇಪರ್ ತರಿಸ್ತಾರೆ, ಚಿತ್ರ ನೋಡ್ತಾರೆ, ಆಮೇಲೆ ಅದರಿಂದ ನಾನು ಕಿಟಕಿ ಒರೆಸ್ತೀನಿ. ಭೂಕಂಪದಲ್ಲಿ ಎರಡೂ ಕಡೆ ತಪ್ಪಿದೆ ಅಂದೋರು.”

ಗುಂಪಿನಲ್ಲಿ ಒಂದು ಗುಜುಗುಜು ಎದ್ದು ಅಡಗಿತು.

“ನಿಜ ಸರ್,” ಎಂದ ಎಂಜಿನಿಯರ್. “ಕಾಗದದಲ್ಲಿ ಉದ್ದದ ಇಂಗ್ಲಿಷ್ ಪದ ಬಂದ್ರೆ ನನ್ನ ಹತ್ರ ತಂದು ಅರ್ಥ ಕೇಳ್ತಾರೆ. ಇಷ್ಟು ದೊಡ್ಡ ಪದ ಎಲ್ಲಿಂದ ಬರಬೇಕು?”

ಗುಮಾಸ್ತ ಬದುಕಿಕೊಂಡ. ಆರು ವರ್ಷದ ಮರ್ಯಾದೆ ಅರ್ಧ ನಿಮಿಷದಲ್ಲಿ ಹೋಯಿತು. ನೌಕರಿ ಉಳಿಯಿತು. ಅವನು ನೆಲ ನೋಡುತ್ತ ನಿಂತ.

“ಹಾಗಾದ್ರೆ ಇಲ್ಲಿ ಇಂಗ್ಲಿಷ್ ಬರೋರು ಯಾರು?”

ಯಾರೂ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ. ಮೇಷ್ಟ್ರು ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಪೇದೆಯೊಬ್ಬ ಮೂರನೇ ಮಹಡಿಗೆ ಹೋಗಿ ಬಂದ. ಅವನ ಕೈಯಲ್ಲಿ ಅದೇ ಹಳೆ ಲೆಟರ್‌ಹೆಡ್ಡಿನ ಒಂದು ಕಟ್ಟು ಇತ್ತು. ಮನೆಪಾಠದ ಮಕ್ಕಳ ಲೆಕ್ಕ, ಕಾಗುಣಿತ, ಬೆಕ್ಕಿನ ಚಿತ್ರ ಎಲ್ಲ ಅದರ ಮೇಲಿದ್ದವು. ದೀಪಾವಳಿಗೆ ಸಿಹಿ ಹಂಚುವವರಂತೆ ಗುಮಾಸ್ತ ಕಟ್ಟಡದ ಮನೆಮನೆಗೆ ಈ ಹಾಳೆ ಹಂಚುತ್ತಿದ್ದ. ಮೇಷ್ಟ್ರಿಗೆ ಮಾತ್ರ ಎರಡು ಪಾಲು. ಮೊಹರಿಲ್ಲದ್ದರಿಂದ ಅವು ಯಾರ ಕಣ್ಣಿಗೂ ಸರ್ಕಾರದ ಕಾಗದವಾಗಿರಲಿಲ್ಲ.

“ಇದು ಎಲ್ಲಿಂದ ಬಂತು?”

ಮೇಷ್ಟ್ರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ನೆಲದಲ್ಲಿ ಒಂದು ಇರುವೆಯನ್ನು ಹುಡುಕಿಕೊಂಡಿದ್ದ.

“ಯಾರೋ ಕೊಟ್ಟರು,” ಎಂದರು ಮೇಷ್ಟ್ರು. “ಮಕ್ಕಳಿಗೆ ಬರೆಯೋಕೆ ಬೇಕಾಗುತ್ತೆ. ಹೆಸರು ನೆನಪಿಲ್ಲ.”

“ಮೊಹರು ಎಲ್ಲಿಟ್ಟಿದ್ದೀರಿ?”

“ನನ್ನ ಹತ್ತಿರ ಮೊಹರಿಲ್ಲಪ್ಪ.”

“ಸ್ಟೇಷನ್ನಿಗೆ ಬನ್ನಿ, ನೆನಪಾಗುತ್ತೆ. ಹತ್ತಿ.”

ಬೆಳಿಗ್ಗೆಯಿಂದ ಮೇಷ್ಟ್ರ ಹಿಂದೆ ಪದ ಒಪ್ಪಿಸಿದ ಗುಂಪು ಈಗ ದಾರಿ ಬಿಟ್ಟು ನಿಂತಿತು. “ಅದಕ್ಕೇ ಅಷ್ಟು ಚೆನ್ನಾಗಿ ಅರ್ಥ ಹೇಳ್ತಿದ್ರು,” ಎಂದ ಗಡಿಯಾರದವನು. ಮೇಷ್ಟ್ರು ಜೀಪಿನ ಮೆಟ್ಟಿಲಿಗೆ ಕಾಲಿಟ್ಟರು. ಅದು ಎತ್ತರವಿತ್ತು. ಕಾಲು ಜಾರಿ ಚಪ್ಪಲಿಯೊಂದು ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಡಿ ಎಂದು ಯಾರನ್ನೂ ಕೇಳಲಿಲ್ಲ.

“ಕಂಟ್ಯಾಮಿನೇಟೆಡ್ ಅಂದ್ರೆ ಕಲುಷಿತವಾದ,” ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಗುಮಾಸ್ತ ಕಣ್ಣು ಮುಚ್ಚಿಕೊಂಡು, ಕೈಕಟ್ಟಿ, ತರಗತಿಯಲ್ಲಿ ನಿಂತವನಂತೆ ನಿಂತಿದ್ದ.

“ಇವ್ಯಾಕ್ಯುಯೇಟ್ ಅಂದ್ರೆ ತೆರವು ಮಾಡಿಸು. ಕೊಲ್ಯಾಪ್ಸ್, ಕುಸಿ. ಸಸ್ಪೆಕ್ಟ್, ಶಂಕಿತ. ಹೋಸ್ಟೇಜ್, ಒತ್ತೆಯಾಳು. ಮಿಸ್ಸಿಂಗ್, ಕಾಣೆಯಾದ. ನಾನೇ ಬರೆದಿದ್ದು ಸಾರ್. ಅಭ್ಯಾಸಕ್ಕೆ ಬರೆದಿದ್ದು. ಗೊತ್ತಿರೋರನ್ನ ಹಾಕಿ ವಾಕ್ಯ ಮಾಡಿ ಅಂತ ಪುಸ್ತಕದಲ್ಲಿದೆ. ಮೇಷ್ಟ್ರಿಗೆ ಹಾಳೆ ಕೊಟ್ಟಿದ್ದೂ ನಾನೇ. ಮೊಹರು ಶಾಯಿ ನೋಡೋಕೆ ಒತ್ತಿದ್ದು.”

“ರೀ, ಸುಮ್ಮನಿರಿ,” ಎಂದಳು ಹೆಂಡತಿ.

ಇನ್ಸ್‌ಪೆಕ್ಟರ್ ನಂಬಲಿಲ್ಲ. “ಬೆಳಿಗ್ಗೆಯಿಂದ ಈ ಕಟ್ಟಡದ ಗಿಳಿಗೂ ಈ ಆರು ಪದ ಬಾಯಿಪಾಠ ಆಗಿದೆ. ನೀನು ಹೇಳಿದ್ದಕ್ಕೆ ಏನು ಸಾಕ್ಷಿ? ಇವರನ್ನ ಬಿಡಿಸೋಕೆ ನಾಟಕ ಆಡ್ತಿದ್ದೀಯ.”

ಆ ಮಾತು ಸರಿಯಾಗಿತ್ತು. ಗುಮಾಸ್ತನಿಗೆ ಎರಡು ದಿನ ಹಿಡಿದದ್ದನ್ನು, ಮೇಷ್ಟ್ರಿಗೆ ಮೂವತ್ತನಾಲ್ಕು ವರ್ಷದಲ್ಲಿ ಕಲಿಸಲಾಗದ್ದನ್ನು, ಭಯ ಒಂದೇ ದಿನದಲ್ಲಿ ಇಡೀ ಕಟ್ಟಡಕ್ಕೆ ಕಲಿಸಿಬಿಟ್ಟಿತ್ತು.

“ಏಳನೇ ಪದ ಬೇರೆ ಯಾರಿಗೂ ಗೊತ್ತಿಲ್ಲ ಸಾರ್,” ಎಂದ ಗುಮಾಸ್ತ. “ಇವತ್ತು ಮಧ್ಯಾಹ್ನ ಕಲಿತದ್ದು.”

ಇನ್ಸ್‌ಪೆಕ್ಟರ್ ಪೆನ್ನು ಕೊಟ್ಟ. ಗುಮಾಸ್ತ ಮೇಷ್ಟ್ರ ಕಟ್ಟಿನಿಂದ ಒಂದು ಹಾಳೆ ತೆಗೆದು, ಜೀಪಿನ ಬಾನೆಟ್ಟಿನ ಮೇಲಿಟ್ಟು, ದೊಡ್ಡಕ್ಷರದಲ್ಲಿ ಬರೆದ: ದ ಮಾಸ್ಟರ್ ಈಸ್ ಇನ್ನೊಸೆಂಟ್.

ಎರಡು ಹಾಳೆಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಅವೇ ಸೊಟ್ಟ ಕಾಲುಗಳು, ಅದೇ ಹೊಟ್ಟೆ ಬಿಟ್ಟ ಅಕ್ಷರಗಳು. ಎಂಜಿನಿಯರ್ ತಲೆಯ ಮೇಲೆ ಕೈ ಹೊತ್ತ. ಅರ್ಧ ಜೀಪಿನೊಳಗೆ, ಅರ್ಧ ಹೊರಗೆ ಇದ್ದ ಮೇಷ್ಟ್ರು ಬಾಗಿ, ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡು, ಮೂವತ್ತನಾಲ್ಕು ವರ್ಷದ ಅಭ್ಯಾಸದಿಂದ ಹೇಳಿದರು:

“ಇದರಲ್ಲಿ ತಪ್ಪಿಲ್ಲ.”

ಮೇಷ್ಟ್ರು ಇಳಿದರು, ಗುಮಾಸ್ತ ಹತ್ತಿದ. ಹೀಗೆ ಮಂಗಳವಾರ ಸಂಜೆ ಆರೂಮುಕ್ಕಾಲಿಗೆ ರವಾನೆ ಗುಮಾಸ್ತ ಕಟ್ಟಡದಿಂದ ಕಾಣೆಯಾದ. ಆರನೇ ವಾಕ್ಯವೂ ನಿಜವಾಯಿತೆಂದು ಕಾರ್ಯದರ್ಶಿ ಎಲ್ಲರಿಗೂ ನೆನಪಿಸಿದ.

ಠಾಣೆಯಲ್ಲಿ ಅವನನ್ನು ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ, ಪದಗಳ ಪುಸ್ತಕ ತರಿಸಿ ನೋಡಿ, ಬೈದು ಕಳಿಸಿದರು. ಪುಸ್ತಕವನ್ನು ಇನ್ಸ್‌ಪೆಕ್ಟರ್ ಓದಿ ಕೊಡುತ್ತೇನೆಂದು ಇಟ್ಟುಕೊಂಡ. ಪಾರಿವಾಳ ತಾನಾಗಿ ಬಿದ್ದದ್ದೆಂದು ಬರೆಯಲಾಯಿತು. ಬುಧವಾರ ಟ್ಯಾಂಕ್ ತೊಳೆಯಲು ಎಲ್ಲರನ್ನೂ ಒಂದು ಗಂಟೆ ಹೊರಗೆ ನಿಲ್ಲಿಸಿದರು. ಅದಕ್ಕೂ ಮುಂಚೆ, ಬೆಳಿಗ್ಗೆಯೇ, ಟೈಲರಮ್ಮ ನಾಲ್ಕು ರವಿಕೆ ತಂದು ಗುಮಾಸ್ತನ ಹೆಂಡತಿಯ ಕೈಗಿಟ್ಟು ಇಳಿದುಹೋಗಿದ್ದಳು.

ಹೆಂಡತಿ ತಮ್ಮನಿಗೆ ಫೋನ್ ಹಚ್ಚಿದಳು. “ಪೊಲೀಸ್ನೋರು ಎಲ್ಲರೆದುರಿಗೆ ಕೇಳಿದ್ರು ಕಣೋ. ಆರಕ್ಕೆ ಆರೂ ಹೇಳಿದ್ರು ನಿಮ್ಮ ಭಾವ. ಬರೆದೂ ತೋರಿಸಿದ್ರು. ಮೇಷ್ಟ್ರೇ ತಪ್ಪಿಲ್ಲ ಅಂದ್ರು.” ಆ ಕಡೆಯಿಂದ ಏನು ಬಂತೋ, “ನೌಕರಿ ವಿಷಯ ಇನ್ನೂ ಗೊತ್ತಿಲ್ಲ,” ಎಂದು ದನಿ ಇಳಿಸಿದಳು.

ಅದು ಗೊತ್ತಾಗಲು ಮುಂದಿನ ಸೋಮವಾರ ಬರಬೇಕಾಯಿತು. ಅವತ್ತು ಸಾಹೇಬರ ಕೋಣೆಯಿಂದ ಒಂದು ಮೊಹರಾದ ಲಕೋಟೆ ಬಂತು. ರವಾನೆ ಪುಸ್ತಕದಲ್ಲಿ 'ತನಗೆ' ಎಂದು ಗುಮಾಸ್ತ ತಾನೇ ನಮೂದಿಸಿಕೊಂಡು ಒಡೆದ. ಒಂದೇ ಸಾಲು, ಇಂಗ್ಲಿಷಿನಲ್ಲಿ. ಎಲ್ಲ ಪದಗಳೂ ಅವನಿಗೆ ಗೊತ್ತಿದ್ದವು, ಒಂದನ್ನು ಬಿಟ್ಟು. ನೀವು ಈ ಮೂಲಕ ರೆಪ್ರಿಮಾಂಡೆಡ್ ಆಗಿದ್ದೀರಿ.

ಎಂಜಿನಿಯರನ್ನು ಕೇಳಲು ಬಾಯಿ ಬರಲಿಲ್ಲ. ಪುಸ್ತಕ ಠಾಣೆಯಲ್ಲಿತ್ತು. ಬಸ್ಸಿನಲ್ಲಿ ಆ ಒಂದು ಪದವನ್ನು ಅಂಗೈಯಲ್ಲಿ ಬೆವರಿನೊಂದಿಗೆ ಹಿಡಿದುಕೊಂಡು ಬಂದ. ಇಪ್ಪತ್ತಾರು ವರ್ಷದ ನೌಕರಿ ಅದರೊಳಗಿತ್ತು, ಇದೆಯೋ ಹೋಯಿತೋ ತಿಳಿಯದು. ಮನೆಗೂ ಹೋಗದೆ ಮೂರನೇ ಮಹಡಿಯ ಬಾಗಿಲು ತಟ್ಟಿದ.

ಮೇಷ್ಟ್ರು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು, ಕಾಗದವನ್ನು ಎರಡು ಸಲ ಓದಿದರು. ಗುಮಾಸ್ತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

“ಛೀಮಾರಿ,” ಎಂದರು ಮೇಷ್ಟ್ರು.

“ಕೆಲಸ?”

“ಕೆಲಸ ಇದೆ. ಬರೀ ಛೀಮಾರಿ.”

ಗುಮಾಸ್ತ ಕುಸಿದು ಕೂತ. ಕೊಲ್ಯಾಪ್ಸ್, ಎಂದುಕೊಂಡಿತು ಅವನ ತಲೆಯೊಳಗೆ ಏನೋ. ಮೇಷ್ಟ್ರು ಅವನಿಗೆ ನೀರು ಕೊಟ್ಟರು. ಅವನು ಲೋಟದೊಳಗೆ ಬಗ್ಗಿ ನೋಡಿ ಕುಡಿದ.

“ಪದ ಸಿಕ್ಕಿದೆ, ಬಿಡಬಾರದು,” ಎಂದರು ಮೇಷ್ಟ್ರು, ಒಂದು ಬಿಳಿ ಹಾಳೆ ಮುಂದೆ ತಳ್ಳಿ. “ಒಂದು ಸ್ವಂತ ವಾಕ್ಯ ಮಾಡಿ.”

ಗುಮಾಸ್ತ ಹಾಳೆಯ ಎರಡೂ ಮಗ್ಗುಲು ತಿರುಗಿಸಿ ನೋಡಿದ. ಕಿಟಕಿಯ ಕೆಳಗೆ ಕಾರ್ಯದರ್ಶಿ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದ. ಟೈಲರಮ್ಮನ ಮಿಷಿನ್ನಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಅವನು ಎದ್ದು ಕಿಟಕಿ ಮುಚ್ಚಿದ, ಬಾಗಿಲಿಗೆ ಚಿಲಕ ಹಾಕಿದ, ಹಾಳೆಯನ್ನು ಮೇಷ್ಟ್ರ ಕಡೆಗೇ ವಾಪಸು ತಳ್ಳಿ, ಅವರ ಕಿವಿಯಲ್ಲಿ ಮೆಲ್ಲಗೆ ಒಂದು ವಾಕ್ಯ ಹೇಳಿದ.

ಮೇಷ್ಟ್ರು ಬೆರಳು ಮಡಿಚಿ ಪದಗಳನ್ನು ಎಣಿಸಿದರು.

“ವಾಕ್ಯ ಸರಿಯಾಗಿದೆ,” ಎಂದರು. “ಆದರೆ ಅದರಲ್ಲಿ ನನ್ನನ್ನ ಯಾಕೆ ಹಾಕಿದಿರಿ?”

“ಗೊತ್ತಿರೋರನ್ನೇ ಹಾಕಬೇಕು ಮೇಷ್ಟ್ರೇ.”

ಮೇಷ್ಟ್ರು ಎದ್ದು ಹೋಗಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದರು.